ಪತ್ತೆ ಹಚ್ಚಿದ ಮೇಲೆ

ಮೂತ್ರಕ್ಕೆ ಇರುವೆ ಮುತ್ತಿದರೆ ಅದು ಮಧುಮೇಹದ ಗುರುತು ಎಂದು ಆಯುರ್ವೇದದ ಹಳೆಯ ಗ್ರಂಥಗಳು ಬರೆದಿಟ್ಟಿವೆ. ಬೆಳಗಿನ ಮೂತ್ರದ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಅದು ಹರಡುವ ಆಕಾರ ಮತ್ತು ದಿಕ್ಕು ನೋಡಿ ರೋಗಿ ಉಳಿಯುತ್ತಾನೋ ಇಲ್ಲವೋ ಎಂದು ಹೇಳುವ ತೈಲಬಿಂದು ಪರೀಕ್ಷೆಯೂ ‘ಯೋಗರತ್ನಾಕರ’ದಲ್ಲಿದೆ. ಎರಡೂ ಒಂದೇ ಪರಂಪರೆಯವು. ಎರಡನ್ನೂ ಹೇಳಿದವರು ರೋಗಿಯ ಹಿತ ಬಯಸಿದವರೇ ಇರಬೇಕು. ಆದರೆ ಮೊದಲನೆಯದನ್ನು ಯಾರು ಬೇಕಾದರೂ ಹಿತ್ತಲಲ್ಲಿ ಪರೀಕ್ಷಿಸಿ ನೋಡಬಹುದು. ಇರುವೆಗೆ ವೈದ್ಯನ ಕೀರ್ತಿಯ ಹಂಗಿಲ್ಲ. ಎರಡನೆಯದರಲ್ಲಿ, ಹನಿ ಶುಭ ದಿಕ್ಕಿಗೆ ಹರಿದೂ ಸತ್ತವರು ಎಷ್ಟು, ಅಶುಭ ದಿಕ್ಕಿಗೆ ಹರಿದೂ ಮೊಮ್ಮಕ್ಕಳನ್ನು ಕಂಡವರು ಎಷ್ಟು ಎಂದು ಲೆಕ್ಕ ಇಟ್ಟವರಿಲ್ಲ.

ಒಂದು ಹನಿ ಮೂತ್ರದಿಂದ ಕ್ಯಾನ್ಸರ್ ಹೇಳುತ್ತೇವೆ ಎನ್ನುವ ಇಂದಿನ ಎಲೆಕ್ಟ್ರೋಕೆಮಿಕಲ್ ಸೆನ್ಸರ್‌ಗಳು ಇರುವೆಯ ಪಂಕ್ತಿಗೆ ಸೇರುತ್ತವೆಯೋ ಎಣ್ಣೆ ಹನಿಯ ಪಂಕ್ತಿಗೋ? ಯಂತ್ರದ ಹೊಳಪು ನೋಡಿ ಇದನ್ನು ತೀರ್ಮಾನಿಸಲಾಗುವುದಿಲ್ಲ. ಮಂಗಳೂರಿನಂಥ ಊರಿನಲ್ಲಿ ಈ ಪ್ರಶ್ನೆ ಕೇಳಲು ವಿಶೇಷ ಕಾರಣವಿದೆ. ಸುಳ್ಯವನ್ನೂ ಸೇರಿಸಿಕೊಂಡರೆ ಈ ಜಿಲ್ಲೆಯಲ್ಲಿ ಎಂಟು ಖಾಸಗಿ ವೈದ್ಯಕೀಯ ಕಾಲೇಜುಗಳಿವೆ. ಸುರತ್ಕಲ್ಲಿನಲ್ಲಿ ಎನ್‌ಐಟಿಕೆ, ಕೊಣಾಜೆಯಲ್ಲಿ ವಿಶ್ವವಿದ್ಯಾಲಯ, ದೇರಳಕಟ್ಟೆಯಲ್ಲಿ ಒಂದರ ಪಕ್ಕ ಒಂದು ಆಸ್ಪತ್ರೆ. ಹಂಪನಕಟ್ಟೆಯಲ್ಲಿ ನಿಂತರೆ ‘ಫುಲ್ ಬಾಡಿ ಚೆಕಪ್’ನ ಜಾಹೀರಾತು ಕಣ್ಣಿಗೆ ಬೀಳದೆ ಇರುವುದಿಲ್ಲ. ಪರೀಕ್ಷೆ ಮಾಡಿಸುವುದೇ ಆರೋಗ್ಯ ಎಂದು ನಂಬಿಸುವ ಊರಿದು.

ಶತಮಾನಗಳ ಹಿಂದಿನ ಗ್ರಂಥಗಳಿಗೆ ಹೋಗಬೇಕಾಗಿಲ್ಲ, ವೆನ್ಲಾಕ್ ಆಸ್ಪತ್ರೆಯ ವಯಸ್ಸಿನಷ್ಟು ಹಿಂದೆ ಹೋದರೆ ಸಾಕು. ವೆನ್ಲಾಕ್ ಆರಂಭವಾದದ್ದು 1848ರಲ್ಲಿ. ಅದೇ ವರ್ಷ ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್, ಮೂಳೆ ಮೆತ್ತಗಾಗಿ ನರಳಿ ಸತ್ತ ಒಬ್ಬ ದಿನಸಿ ವ್ಯಾಪಾರಿಯ ಮೂತ್ರದಲ್ಲಿ ಕಂಡ ವಿಚಿತ್ರ ಪ್ರೋಟೀನಿನ ಬಗ್ಗೆ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ಬಿಸಿ ಮಾಡಿದಾಗ ಗಟ್ಟಿಯಾಗುವ, ಇನ್ನೂ ಕಾಯಿಸಿದರೆ ಕರಗುವ, ತಣಿದರೆ ಮತ್ತೆ ಕಾಣಿಸಿಕೊಳ್ಳುವ ವಸ್ತು. ಆ ರೋಗವನ್ನು ನಾವಿಂದು ಮಲ್ಟಿಪಲ್ ಮೈಲೋಮಾ ಎನ್ನುತ್ತೇವೆ. ಕ್ಯಾನ್ಸರ್ ತನ್ನ ಗುರುತನ್ನು ಮೈಯ ದ್ರವದಲ್ಲಿ ಬಿಟ್ಟುಹೋಗುತ್ತದೆ ಎಂದು ವೈದ್ಯಶಾಸ್ತ್ರ ಮೊದಲ ಬಾರಿಗೆ ಬರೆದಿಟ್ಟುಕೊಂಡದ್ದು ಹೀಗೆ, ಮೂತ್ರದಿಂದಲೇ. ಆ ವಸ್ತು ಪ್ರತಿಕಾಯದ ಒಂದು ತುಂಡು ಎಂದು ತಿಳಿದದ್ದು 1962ರಲ್ಲಿ. ಗುರುತು ಸಿಕ್ಕಿ ನೂರು ವರ್ಷ ಕಳೆದರೂ ಆ ರೋಗದವರಿಗೆ ಹೇಳಿಕೊಳ್ಳುವಂಥ ಔಷಧ ಇರಲಿಲ್ಲ. ಗುರುತಿಸುವುದಕ್ಕೂ ಗುಣಪಡಿಸುವುದಕ್ಕೂ ನಡುವೆ ಇರುವ ಈ ದೂರವನ್ನು ಸೆನ್ಸರ್ ಕುರಿತ ಉತ್ಸಾಹದ ಲೇಖನಗಳು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ.

ಸೆನ್ಸರ್ ಒಳಗೆ ನಡೆಯುವುದು ಮಾಯೆಯೇನಲ್ಲ. ಚಿಕ್ಕ ಪಟ್ಟಿಯ ಮೇಲೆ ಮೂರು ಎಲೆಕ್ಟ್ರೋಡು. ಅವುಗಳಲ್ಲಿ ಒಂದರ ಮೈಗೆ, ನಾವು ಹುಡುಕುತ್ತಿರುವ ಅಣುವನ್ನಷ್ಟೇ ಹಿಡಿಯಬೇಕಾದ ಪ್ರತಿಕಾಯವನ್ನೋ ಕಿಣ್ವವನ್ನೋ ಡಿಎನ್‌ಎ ಎಳೆಯನ್ನೋ ಅಂಟಿಸಿರುತ್ತಾರೆ. ವೋಲ್ಟೇಜನ್ನು ಮೆಲ್ಲನೆ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಎಲೆಕ್ಟ್ರಾನುಗಳ ಕೊಡುಕೊಳ್ಳು ಶುರುವಾಗಿ ಒಂದಿಷ್ಟು ಕರೆಂಟು ಹರಿಯುತ್ತದೆ. ಅದು ಒಂದು ಆಂಪಿಯರಿನ ಹತ್ತು ಲಕ್ಷದ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತ ಸಾವಿರ ಪಟ್ಟು ಕಡಿಮೆ. ಎಷ್ಟು ಕರೆಂಟೋ ಅಷ್ಟು ಅಣು. ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ 1962ರಲ್ಲಿ ಎಲೆಕ್ಟ್ರೋಡಿಗೆ ಕಿಣ್ವ ಜೋಡಿಸಿ ಸಕ್ಕರೆ ಅಳೆಯಬಹುದೆಂದು ತೋರಿಸಿದ. ಇಂದು ಮನೆಮನೆಯ ಗ್ಲುಕೋಮೀಟರ್ ಆ ಕುಟುಂಬದ್ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನವಕಾಂತ ಭಟ್ಟರ ಗುಂಪಿನಿಂದ ಹುಟ್ಟಿದ ಪಾತ್‌ಶೋಧ್ ಕಂಪನಿ ಇದೇ ತತ್ತ್ವದ ಮೇಲೆ ಅಂಗೈಯಗಲದ ಉಪಕರಣ ಮಾಡಿದೆ. ಅದು ರಕ್ತದ ಸಕ್ಕರೆಯ ಜೊತೆಗೆ ಮೂತ್ರದಲ್ಲಿ ಸೋರುವ ಆಲ್ಬುಮಿನ್ನನ್ನೂ ಅಳೆಯುತ್ತದೆ. ಅದು ಕಿಡ್ನಿಯ ಸುದ್ದಿ ಹೇಳುವ ಪರೀಕ್ಷೆ, ಕ್ಯಾನ್ಸರಿನದಲ್ಲ. ಆದರೆ ಕರ್ನಾಟಕದಲ್ಲಿ ಮೂತ್ರ ಮತ್ತು ಎಲೆಕ್ಟ್ರೋಡಿನ ಸಂಬಂಧ ಪ್ರಯೋಗಾಲಯ ದಾಟಿ ಕ್ಲಿನಿಕ್ಕಿನ ಮೇಜಿಗೆ ಬಂದಿದೆ ಎಂಬುದಕ್ಕೆ ಸಾಕ್ಷಿ.

ಇದಕ್ಕಿಂತ ಬಡ, ನನಗೆ ಇನ್ನೂ ಪ್ರಿಯವಾದ ಪರಂಪರೆಯೊಂದು ನಮ್ಮ ಮಲೆನಾಡಿನಲ್ಲಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಬಿ.ಇ. ಕುಮಾರಸ್ವಾಮಿ ಮತ್ತು ಅವರ ವಿದ್ಯಾರ್ಥಿಗಳು, ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು ಮಂಗಳೂರು ವಿಶ್ವವಿದ್ಯಾಲಯದ ಘಟಕವಾಗಿದ್ದಾಗ ಅಲ್ಲಿನ ರಸಾಯನಶಾಸ್ತ್ರ ವಿಭಾಗದವರು, ಕಾರ್ಬನ್ ಪೇಸ್ಟ್ ಎಲೆಕ್ಟ್ರೋಡುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಗ್ರಾಫೈಟ್ ಪುಡಿ ಎಪ್ಪತ್ತು ಪಾಲು, ಸಿಲಿಕೋನ್ ಎಣ್ಣೆ ಮೂವತ್ತು ಪಾಲು. ಕಲ್ಲಿನ ಖಲ್ಬತ್ತಿನಲ್ಲಿ ಅರ್ಧ ಗಂಟೆ ಅರೆದು, ಟೆಫ್ಲಾನ್ ಕೊಳವೆಯ ತುದಿಗೆ ತುಂಬಿ, ಕಾಗದದ ಮೇಲೆ ಉಜ್ಜಿ ನುಣುಪು ಮಾಡಿದರೆ ಎಲೆಕ್ಟ್ರೋಡು ತಯಾರು. ಕೋಟಿಗಟ್ಟಲೆ ಅನುದಾನ ಇಲ್ಲದ ಕಡೆ, ಕರೆಂಟು ಹೋಗಿ ಬರುವ ಕಟ್ಟಡಗಳಲ್ಲಿ, ಡೋಪಮಿನ್, ಯೂರಿಕ್ ಆಮ್ಲ, ವಿಟಮಿನ್ ಸಿ ಮೂರೂ ಒಟ್ಟಿಗೆ ಇದ್ದಾಗ ಒಂದೊಂದನ್ನೂ ಬೇರೆ ಮಾಡಿ ಅಳೆಯುವುದು ಹೇಗೆಂದು ಇವರು ತೋರಿಸಿದರು. ವಿಜ್ಞಾನ ದೊಡ್ಡ ಊರಿನ ಸ್ವತ್ತು ಎಂಬ ನಂಬಿಕೆಗೆ ಇದು ಒಳ್ಳೆಯ ಉತ್ತರ.

ಮೂರು ಅಣುಗಳನ್ನು ಬೇರೆ ಮಾಡುವುದೇ ಸಾಹಸವಾದರೆ ಮೂತ್ರದ ಪಾಡೇನು? ಅದರಲ್ಲಿ ಸಾವಿರಾರು ಬಗೆಯ ಅಣುಗಳಿವೆ. ನಿನ್ನೆ ನುಂಗಿದ ಪ್ಯಾರಾಸಿಟಮಾಲ್ ಇದೆ. ಉಪ್ಪು ಬದಲಾಗುತ್ತದೆ, ಆಮ್ಲೀಯತೆ ಬದಲಾಗುತ್ತದೆ. ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆಯಲ್ಲಿ ದಿನವಿಡೀ ಬೆವರಿದವನ ಮೂತ್ರಕ್ಕೂ ಎಸಿ ಕೋಣೆಯಲ್ಲಿ ಕೂತವನ ಮೂತ್ರಕ್ಕೂ ಹೋಲಿಕೆಯಿಲ್ಲ. ಅದರ ನಡುವೆ ಕ್ಯಾನ್ಸರಿನ ಒಂದು ಪ್ರೋಟೀನನ್ನು ಗುರುತಿಸುವುದೆಂದರೆ, ಬಂದರಿನ ಧಕ್ಕೆಯಲ್ಲಿ ಬೆಳಗಿನ ಮೀನು ಹರಾಜಿನ ಗದ್ದಲದೊಳಗೆ ಯಾರೋ ಒಬ್ಬರು ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡಂತೆ.

ಪ್ರಯೋಗಾಲಯಗಳಲ್ಲಿ ಕೇಳಿಸಿಕೊಂಡಿದ್ದಾರೆ ಕೂಡ. ಆದರೆ ಹೇಗೆ ಎಂಬುದನ್ನು ಗಮನಿಸಬೇಕು. ಇಂಥ ಬಹಳಷ್ಟು ಪ್ರಬಂಧಗಳಲ್ಲಿ ಆರೋಗ್ಯವಂತರ ಮೂತ್ರಕ್ಕೆ ಅಳೆದು ತೂಗಿದ ಪ್ರಮಾಣದಲ್ಲಿ ಆ ಅಣುವನ್ನು ಸಂಶೋಧಕರೇ ಬೆರೆಸುತ್ತಾರೆ, ಆಮೇಲೆ ಸೆನ್ಸರ್ ಅದನ್ನು ಕಂಡುಹಿಡಿಯುತ್ತದೆ. ರಸಾಯನಶಾಸ್ತ್ರದ ಮಟ್ಟಿಗೆ ಇದು ಪ್ರಾಮಾಣಿಕ ಮೊದಲ ಹೆಜ್ಜೆ. ಆದರೆ ಅಲ್ಲಿ ಕ್ಯಾನ್ಸರೂ ಇಲ್ಲ, ರೋಗಿಯೂ ಇಲ್ಲ. ‘ಎಷ್ಟು ಕಡಿಮೆ ಪ್ರಮಾಣವನ್ನು ಹಿಡಿಯಬಲ್ಲದು’ ಎಂಬ ಸಂಖ್ಯೆಯೇ ಪ್ರಬಂಧದ ಕಿರೀಟವಾಗುತ್ತದೆ. ಮುಂದಿನ ಪ್ರಬಂಧ ಅದಕ್ಕಿಂತ ಹತ್ತು ಪಟ್ಟು ಕಡಿಮೆ ಹೇಳುತ್ತದೆ. ಹೆಚ್ಚು ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ: ಆ ಅಣು ನಿಜಕ್ಕೂ ಕ್ಯಾನ್ಸರಿನ ಗುರುತೇ?

ಸಾರ್ಕೊಸಿನ್ ಎಂಬ ಅಣುವಿನ ಕಥೆ ಇದಕ್ಕೆ ಉದಾಹರಣೆ. ಮೂತ್ರದಲ್ಲಿ ಅದು ಹೆಚ್ಚಿದ್ದರೆ ಪ್ರಾಸ್ಟೇಟ್ ಕ್ಯಾನ್ಸರಿನ ಸೂಚನೆ ಇರಬಹುದೆಂದು 2009ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಗುಂಪೊಂದು ‘ನೇಚರ್’ನಲ್ಲಿ ಪ್ರಕಟಿಸಿತು. ಲೋಕವೆಲ್ಲ ಸುದ್ದಿಯಾಯಿತು. ಮರುವರ್ಷವೇ ಜರ್ಮನಿಯ ಸಂಶೋಧಕರು ತಮ್ಮ ರೋಗಿಗಳಲ್ಲಿ ನೋಡಿದರು. ರೋಗವಿದ್ದವರಿಗೂ ಇಲ್ಲದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಷ್ಟಾದ ಮೇಲೂ ಸಾರ್ಕೊಸಿನ್ ಅಳೆಯುವ ಹೊಸ ಹೊಸ ಎಲೆಕ್ಟ್ರೋಡುಗಳ ಪ್ರಬಂಧಗಳು ನಿಂತಿಲ್ಲ. ಬಾಗಿಲು ಸರಿಯೇ ಎಂದು ವಿಚಾರಿಸದೆ ಬೀಗದ ಕೈಯನ್ನು ನುಣುಪು ಮಾಡುತ್ತಾ ಕೂತವರನ್ನು ಏನೆನ್ನಬೇಕು? ನಾನು ಅವರನ್ನು ಮೋಸಗಾರರು ಎನ್ನುವುದಿಲ್ಲ. ಬಡ್ತಿಗೆ ಪ್ರಬಂಧದ ಎಣಿಕೆ ಬೇಕು, ಪಿಎಚ್‌ಡಿಗೆ ಅವಧಿ ಇದೆ, ಪ್ರಬಂಧದ ಪೀಠಿಕೆಯಲ್ಲಿ ‘ಕ್ಯಾನ್ಸರ್’ ಎಂಬ ಪದವಿದ್ದರೆ ಅನುದಾನ ಸುಲಭ. ಆದರೆ ಆ ಪದವನ್ನು ಓದುವವರಲ್ಲಿ ರೋಗಿಯ ಮಗಳೂ ಇರುತ್ತಾಳೆ ಎಂಬುದು ಮರೆತುಹೋಗುತ್ತದೆ.

ಎಲೆಕ್ಟ್ರೋಡಿನಿಂದ ಕ್ಯಾನ್ಸರ್ ಹಿಡಿಯುವ ಆಸೆ ಹೊಸದೂ ಅಲ್ಲ. ಪ್ರಾಗ್ ನಗರದ ಯರೊಸ್ಲಾವ್ ಹೈರೋವ್‌ಸ್ಕಿ 1922ರಲ್ಲಿ ಪೋಲರೋಗ್ರಫಿ ಕಂಡುಹಿಡಿದ. 1959ರಲ್ಲಿ ಅದಕ್ಕೆ ನೊಬೆಲ್ ಬಂತು. ಅವನ ಶಿಷ್ಯ ರುಡಾಲ್ಫ್ ಬ್ರಡಿಚ್ಕಾ 1930ರ ದಶಕದಲ್ಲಿ ರೋಗಿಗಳ ರಕ್ತದ್ರವದಲ್ಲಿ ಪಾದರಸದ ಎಲೆಕ್ಟ್ರೋಡಿನಿಂದ ಕ್ಯಾನ್ಸರ್ ಗುರುತಿಸಬಹುದೆಂದು ಬರೆದ. ಹಲವು ದೇಶಗಳ ಆಸ್ಪತ್ರೆಗಳು ಅದನ್ನು ಮಾಡಿ ನೋಡಿದವು. ಕ್ರಮೇಣ ತಿಳಿದದ್ದೇನೆಂದರೆ, ಉರಿಯೂತ, ಸೋಂಕು ಇದ್ದವರಲ್ಲೂ ಅದೇ ಅಲೆ ಏಳುತ್ತಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಕೇಳಿದ್ದು ಒಂದು ಪ್ರಶ್ನೆ, ಅದು ಉತ್ತರಿಸಿದ್ದು ಇನ್ನೊಂದಕ್ಕೆ.

ಇಷ್ಟರವರೆಗೆ ಹೇಳಿದ್ದು ಪರೀಕ್ಷೆ ತಪ್ಪಾದಾಗಿನ ಕಥೆ. ಪರೀಕ್ಷೆ ಸರಿಯಾಗಿಯೇ ಇದ್ದಾಗ ಏನಾಗಬಹುದು ಎಂಬುದಕ್ಕೆ ಜಪಾನಿಗೆ ಹೋಗಬೇಕು. ಈ ಪ್ರಸಂಗ ಗೊತ್ತಿಲ್ಲದೆ ಮೂತ್ರ ಮತ್ತು ಕ್ಯಾನ್ಸರಿನ ಬಗ್ಗೆ ಯಾರೂ ಭಾಷಣ ಮಾಡಬಾರದು ಎಂಬುದು ನನ್ನ ಹಟ.

ನ್ಯೂರೋಬ್ಲಾಸ್ಟೋಮ ಎಂಬುದು ಎಳೆಯ ಮಕ್ಕಳ ಕ್ಯಾನ್ಸರ್. ಅದರ ಗಡ್ಡೆ ಡೋಪಮಿನ್, ನಾರ್‌ಅಡ್ರಿನಲಿನ್ ಜಾತಿಯ ವಸ್ತುಗಳನ್ನು ತಯಾರಿಸುತ್ತದೆ. ಅವು ಒಡೆದು ವಿಎಂಎ, ಎಚ್‌ವಿಎ ಎಂಬ ಎರಡು ಆಮ್ಲಗಳಾಗಿ ಮೂತ್ರದಲ್ಲಿ ಹೊರಬೀಳುತ್ತವೆ. ಎರಡೂ ಎಲೆಕ್ಟ್ರೋಡಿಗೆ ಸುಲಭವಾಗಿ ಎಲೆಕ್ಟ್ರಾನ್ ಕೊಡುವಂಥವು. ಶಂಕರಘಟ್ಟದಲ್ಲಿ ಅಳೆಯುತ್ತಿದ್ದ ಡೋಪಮಿನ್ನಿನ ಮರಿಗಳೇ ಅವು ಎನ್ನಬಹುದು. ಕ್ಯೋಟೋದ ವೈದ್ಯರು 1970ರ ದಶಕದಲ್ಲಿ ಇದನ್ನು ಹಿಡಿದು ಯೋಚಿಸಿದರು: ಆರು ತಿಂಗಳ ಮಗುವಿನ ಮೂತ್ರವನ್ನು ಸೋಸುಕಾಗದಕ್ಕೆ ಹೀರಿಸಿ ಅಂಚೆಯಲ್ಲಿ ಕಳಿಸಿದರೆ, ಗಡ್ಡೆ ಬೆಳೆಯುವ ಮುಂಚೆಯೇ ಹಿಡಿಯಬಹುದಲ್ಲ? ಸೂಜಿ ಬೇಡ, ನೋವಿಲ್ಲ, ಅಗ್ಗ. 1980ರ ದಶಕದ ಮಧ್ಯದಲ್ಲಿ ಇದು ಇಡೀ ಜಪಾನಿನ ಕಾರ್ಯಕ್ರಮವಾಯಿತು. ಗಡ್ಡೆಗಳು ಸಿಕ್ಕವು, ನೂರಾರು ಸಿಕ್ಕವು. ಶಸ್ತ್ರಚಿಕಿತ್ಸೆ ಆಯಿತು, ಕಿಮೋಥೆರಪಿ ಆಯಿತು, ಹೀಗೆ ಸಿಕ್ಕ ಮಕ್ಕಳಲ್ಲಿ ಬಹುತೇಕ ಎಲ್ಲರೂ ಬದುಕಿದರು. ಇದಕ್ಕಿಂತ ದೊಡ್ಡ ಯಶಸ್ಸು ಬೇಕೆ?

ಕೆನಡಾದ ಕ್ಯುಬೆಕ್ಕಿನಲ್ಲಿ ಸುಮಾರು 4.77 ಲಕ್ಷ ಶಿಶುಗಳ, ಜರ್ಮನಿಯಲ್ಲಿ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳ ಮೂತ್ರ ಪರೀಕ್ಷಿಸಿ, ಪರೀಕ್ಷೆ ಇಲ್ಲದ ಪ್ರದೇಶಗಳ ಮಕ್ಕಳೊಂದಿಗೆ ಹೋಲಿಸಿ ನೋಡಿದವರು 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆ ಇದ್ದ ಕಡೆ ರೋಗ ಹೆಚ್ಚು ಪತ್ತೆಯಾಗಿತ್ತು. ಸಾವು ಮಾತ್ರ ಕಡಿಮೆಯಾಗಿರಲಿಲ್ಲ. ಕಾರಣ ವಿಚಿತ್ರ, ಆದರೆ ಸ್ಪಷ್ಟ. ಶಿಶುಗಳಲ್ಲಿ ಕಾಣುವ ಈ ಗಡ್ಡೆಗಳಲ್ಲಿ ಬಹಳಷ್ಟು ತಾವಾಗಿಯೇ ಕುಗ್ಗಿ ಇಲ್ಲವಾಗುತ್ತವೆ. ಮಕ್ಕಳನ್ನು ಕೊಲ್ಲುವ ಉಗ್ರ ಜಾತಿಯ ಗಡ್ಡೆ ಬೇರೆ. ಅದು ಪರೀಕ್ಷೆಯ ವಯಸ್ಸು ದಾಟಿದ ಮೇಲೆ ಬರುತ್ತದೆ, ವೇಗವಾಗಿ ಬರುತ್ತದೆ. ಅಂದರೆ ಮೂತ್ರ ಪರೀಕ್ಷೆ ಹಿಡಿದದ್ದು ಹಿಡಿಯಬೇಕಾಗಿಲ್ಲದ್ದನ್ನು. ತಾನಾಗಿ ಹೋಗುತ್ತಿದ್ದ ಗಡ್ಡೆಗಾಗಿ ಹೊಟ್ಟೆ ಕೊಯ್ಯಿಸಿಕೊಂಡ ಮಗುವಿನ ತಂದೆತಾಯಿ, ಪರೀಕ್ಷೆ ನಮ್ಮ ಮಗುವನ್ನು ಉಳಿಸಿತು ಎಂದು ಜೀವಮಾನವಿಡೀ ಕೃತಜ್ಞರಾಗಿರುತ್ತಾರೆ. ಕೃತಜ್ಞತೆ ಸುಳ್ಳಲ್ಲ. ಅದು ಪುರಾವೆಯೂ ಅಲ್ಲ.

ಜಪಾನ್ ಸರ್ಕಾರ ಸಮಿತಿ ಮಾಡಿ, ಪುರಾವೆ ಓದಿ, 2004ರ ಹೊತ್ತಿಗೆ ಕಾರ್ಯಕ್ರಮವನ್ನು ನಿಲ್ಲಿಸಿತು. ಇಪ್ಪತ್ತು ವರ್ಷ ನಡೆಸಿದ್ದನ್ನು, ಜನ ಮೆಚ್ಚಿದ್ದನ್ನು, ಅಂಕಿಅಂಶದಲ್ಲಿ ‘ಬದುಕಿದವರು’ ಎಂದು ತೋರಿಸಲು ಮಕ್ಕಳೇ ಕಣ್ಣೆದುರು ಇದ್ದದ್ದನ್ನು ನಿಲ್ಲಿಸುವುದು ಸುಲಭವಲ್ಲ. ವೈಚಾರಿಕತೆ ಎಂದರೆ ಸಂದೇಹ ಪಡುವ ಚಾಳಿ ಎಂದು ತಿಳಿದವರಿಗೆ ನಾನು ಈ ನಿರ್ಧಾರವನ್ನು ತೋರಿಸಲು ಬಯಸುತ್ತೇನೆ. ಅಲ್ಲಿ ಸಂದೇಹ ಕೆಲಸ ಮಾಡಿದ್ದು ಮುಂದಿನ ಮಕ್ಕಳ ಹೊಟ್ಟೆಯ ಪರವಾಗಿ.

ಈಗ ನಮ್ಮ ಊರಿನ ಲೆಕ್ಕ. ಮಂಗಳೂರು ನಗರದ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು ಐದು ಲಕ್ಷ. ಅವರಲ್ಲಿ ನಡುವಯಸ್ಸು ದಾಟಿದ ಒಂದು ಲಕ್ಷ ಮಂದಿಗೆ ಮೂತ್ರಕೋಶದ ಕ್ಯಾನ್ಸರ್ ಹುಡುಕುವ ಸ್ಟ್ರಿಪ್ ಹಂಚಿದೆವು ಎಂದು ಇಟ್ಟುಕೊಳ್ಳಿ. ಅವರಲ್ಲಿ 50 ಮಂದಿಗೆ ಗೊತ್ತಿಲ್ಲದಂತೆ ರೋಗವಿದೆ ಎಂದು ಉದಾರವಾಗಿಯೇ ಊಹಿಸೋಣ. ಸ್ಟ್ರಿಪ್ ಬಲು ಜಾಣ: ರೋಗವಿದ್ದ ನೂರರಲ್ಲಿ 90 ಮಂದಿಯನ್ನು ಹಿಡಿಯುತ್ತದೆ, ರೋಗವಿಲ್ಲದ ನೂರರಲ್ಲಿ 95 ಮಂದಿಯನ್ನು ಬಿಟ್ಟುಕೊಡುತ್ತದೆ. ಆಗ ನಿಜವಾಗಿ ಸಿಕ್ಕುವವರು 45. ರೋಗವಿಲ್ಲದೆ ‘ಹೌದು’ ಎನ್ನಿಸಿಕೊಳ್ಳುವವರು ಸುಮಾರು 5,000. ಸ್ಟ್ರಿಪ್ ‘ಹೌದು’ ಎಂದ ನೂರಹನ್ನೆರಡು ಮಂದಿಯಲ್ಲಿ ಒಬ್ಬರಿಗೆ ಮಾತ್ರ ರೋಗ. ಉಳಿದವರು ಸ್ಕ್ಯಾನಿಂಗ್, ಸಿಸ್ಟೋಸ್ಕೋಪಿ, ಸಾಲ, ದೇವಸ್ಥಾನದ ಹರಕೆ, ನಿದ್ದೆಗೆಟ್ಟ ರಾತ್ರಿಗಳ ಮೂಲಕ ‘ಏನೂ ಇಲ್ಲ’ ಎಂಬಲ್ಲಿಗೆ ಬಂದು ತಲುಪಬೇಕು. ಕೆಲವರು ಆ ಮಾತನ್ನು ಪೂರ್ತಿ ನಂಬುವುದೂ ಇಲ್ಲ. ಕ್ಯಾಂಪು ನಡೆಸಿದವರ ವರದಿಯಲ್ಲಿ ಇವರು ಇರುವುದಿಲ್ಲ. ಫೋಟೋ ಬರುವುದು ಆ 45ರಲ್ಲಿ ಒಬ್ಬರದು.

ಪವಾಡಗಳ ವಿಷಯದಲ್ಲೂ ನಡೆಯುವುದು ಇದೇ. 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಒಂದು ಅಧ್ಯಯನ ಬಂತು: ಮೂತ್ರ ಮೂಸಿ ಮೂತ್ರಕೋಶದ ಕ್ಯಾನ್ಸರ್ ಗುರುತಿಸಲು ಆರು ನಾಯಿಗಳಿಗೆ ತರಬೇತಿ. ಆರೋಗ್ಯವಂತರೆಂದು ಸೇರಿಸಿಕೊಂಡ ಒಬ್ಬರ ಮಾದರಿಯನ್ನು ನಾಯಿಗಳು ಪದೇ ಪದೇ ತೋರಿಸಿದವು. ಕೊನೆಗೆ ಆ ವ್ಯಕ್ತಿಯನ್ನು ಪರೀಕ್ಷಿಸಿದರೆ ಕಿಡ್ನಿಯಲ್ಲಿ ಕ್ಯಾನ್ಸರ್ ಇತ್ತು! ಮೈ ಜುಮ್ಮೆನ್ನುವ ಕಥೆ, ನಿಜವಾದ ಕಥೆ. ಅದೇ ಪ್ರಬಂಧದ ಇನ್ನೊಂದು ವಾಕ್ಯ ಯಾರಿಗೂ ನೆನಪಿರುವುದಿಲ್ಲ: 54 ಬಾರಿಯಲ್ಲಿ ನಾಯಿಗಳು ಸರಿ ಹೇಳಿದ್ದು 22 ಬಾರಿ. ಬರೀ ಅದೃಷ್ಟದಿಂದ ಬರುವುದಕ್ಕಿಂತ ಹೆಚ್ಚು, ಆದ್ದರಿಂದ ವಿಜ್ಞಾನಕ್ಕೆ ಮುಖ್ಯ. ಆದರೆ ಅರ್ಧಕ್ಕಿಂತ ಹೆಚ್ಚು ಬಾರಿ ತಪ್ಪಿದ ಮೂಗಿಗೆ ಯಾರ ಮೂತ್ರಕೋಶವನ್ನೂ ಒಪ್ಪಿಸಲಾಗದು.

ಮಂಗಳೂರಿಗೆ ಈ ಬಗೆಯ ಲೆಕ್ಕ ಹೊಸದಲ್ಲ. ದಕ್ಷಿಣ ಕನ್ನಡ ವಿಚಾರವಾದಿ ಸಂಘ ಹುಟ್ಟಿದ್ದು 1976ರಲ್ಲಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ತನಿಖೆಗೆ ಸಮಿತಿ ಮಾಡಿದ್ದೂ ಅದೇ ವರ್ಷ. ಸಂಘವನ್ನು ಕಟ್ಟಿದ ನರೇಂದ್ರ ನಾಯಕರು ಇಲ್ಲಿನ ಕೆಎಂಸಿ ವೈದ್ಯಕೀಯ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತಿದ್ದವರು, ಅಂದರೆ ರಕ್ತ, ಮೂತ್ರದ ರಸಾಯನವನ್ನೇ ಕಲಿಸುತ್ತಿದ್ದವರು. ಬಾಬಾಗಳಿಗೆ ಹಾಕುವ ಪ್ರಶ್ನೆಯನ್ನು ಪ್ರಯೋಗಾಲಯಕ್ಕೆ ಹಾಕಲು ಮುಜುಗರ ಪಡಬೇಕಾಗಿಲ್ಲ. ತಪ್ಪಿದ್ದನ್ನು ಎಣಿಸಿದವರು ಯಾರು? ಗೋಮೂತ್ರ ಕುಡಿದು ಕ್ಯಾನ್ಸರ್ ವಾಸಿಯಾಯಿತು ಎಂದು ವೇದಿಕೆ ಹತ್ತಿ ಹೇಳುವವರ ಜೊತೆ, ಆಪರೇಷನ್ ಮಾಡಿದ ಸರ್ಜನ್ನನ ಹೆಸರು ವೇದಿಕೆ ಹತ್ತುವುದಿಲ್ಲ. ಅದನ್ನು ಕಂಡು ನಗುವ ನಾವು, ಅಮೆರಿಕದ ಥೆರನೋಸ್ ಕಂಪನಿ ಒಂದು ಹನಿ ರಕ್ತದಲ್ಲಿ ನೂರಾರು ಪರೀಕ್ಷೆ ಎಂದಾಗ ವರ್ಷಗಟ್ಟಲೆ ಚಪ್ಪಾಳೆ ತಟ್ಟಿದೆವು. ಅದರ ಒಡತಿ ಎಲಿಜಬೆತ್ ಹೋಮ್ಸ್‌ಗೆ 2022ರಲ್ಲಿ ಶಿಕ್ಷೆಯಾಯಿತು, ಹೂಡಿಕೆದಾರರಿಗೆ ಮೋಸ ಮಾಡಿದ್ದಕ್ಕೆ. ರೋಗಿಗಳಿಗೆ ಮೋಸ ಮಾಡಿದರೆಂಬ ಆರೋಪ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಹಣ ಕಳೆದುಕೊಂಡವನ ನಷ್ಟ ಎಣಿಕೆಗೆ ಸಿಕ್ಕುತ್ತದೆ, ತಪ್ಪು ರಿಪೋರ್ಟ್ ಹಿಡಿದು ನಡುಗಿದವಳದು ಸಿಕ್ಕುವುದಿಲ್ಲ.

ಸುಳ್ಳು ‘ಹೌದು’ ಎಲ್ಲರಿಗೂ ಒಂದೇ ಬೆಲೆಯದಲ್ಲ. ಈ ಊರಿನಿಂದ ಗಲ್ಫಿಗೆ ಹೋಗುವವರು ‘ಮೆಡಿಕಲ್’ ಪಾಸಾಗಬೇಕು. ರಕ್ತ, ಎಕ್ಸ್‌ರೇ, ಮೂತ್ರ. ರಿಪೋರ್ಟಿನಲ್ಲಿ ‘ಅನ್‌ಫಿಟ್’ ಬಂದರೆ ವೀಸಾ ಹೋಯಿತು, ಏಜೆಂಟನಿಗೆ ಕೊಟ್ಟ ಹಣ ಹೋಯಿತು, ತಂಗಿಯ ಮದುವೆಗೆ ಇಟ್ಟ ಲೆಕ್ಕ ಹೋಯಿತು. ನಾಳೆ ಅಗ್ಗದ ಕ್ಯಾನ್ಸರ್ ಸ್ಟ್ರಿಪ್ ಬಂದರೆ ಅದು ಮೊದಲು ತಲುಪುವುದು ರೋಗಿಯ ಕೈಗೋ, ಉದ್ಯೋಗ ಕೊಡುವವನ ಕೈಗೋ? ಮೂತ್ರದ ಸೌಕರ್ಯವೇ ಅದರ ಅಪಾಯವೂ ಹೌದು. ಸೂಜಿ ಚುಚ್ಚುವಾಗ ಮನುಷ್ಯ ‘ಯಾಕೆ’ ಎಂದು ಕೇಳುತ್ತಾನೆ. ಒಂದು ಡಬ್ಬಿ ಕೊಟ್ಟು ಬಾತ್‌ರೂಮು ತೋರಿಸಿದರೆ ಕೇಳುವುದಿಲ್ಲ. ನೂರು ಮಂದಿ ಕ್ಯೂ ನಿಂತಿರುವಾಗ ಯಾವುದಕ್ಕೆ ಪರೀಕ್ಷೆ ಎಂದು ಹೇಳುವ ವ್ಯವಧಾನ ಯಾರಿಗಿದೆ?

ಇನ್ನೊಂದು ವಿಷಯ, ಇದು ನಮಗೆ ಸ್ವಲ್ಪ ಕಹಿ. ಮೂತ್ರಕೋಶದ ಕ್ಯಾನ್ಸರಿಗೆ ಕಾರಣಗಳಿವೆ ಎಂದು ತಿಳಿದು ನೂರು ವರ್ಷ ದಾಟಿತು. ಫ್ರಾಂಕ್‌ಫರ್ಟಿನ ಸರ್ಜನ್ ಲುಡ್ವಿಗ್ ರೆನ್ 1895ರಲ್ಲೇ ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಅದನ್ನು ಗುರುತಿಸಿದ್ದ. ಇಂದು ಅದರ ಅತಿ ದೊಡ್ಡ ಕಾರಣ ತಂಬಾಕಿನ ಹೊಗೆ. ಹೊಗೆಯ ವಿಷ ರಕ್ತಕ್ಕೆ ಸೇರಿ, ಕಿಡ್ನಿಯಲ್ಲಿ ಸೋಸಿ, ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಮಂಗಳೂರು ಬೀಡಿಯ ಊರು. ಗಣೇಶ್, ಭಾರತ್ ಬೀಡಿಗಳ ಹೆಸರು ದೇಶವೆಲ್ಲ ಗೊತ್ತು. ತುಳುನಾಡಿನ ಎಷ್ಟೋ ಮಕ್ಕಳ ಶಾಲೆಯ ಫೀಸು, ಮನೆಯ ಹಂಚು, ಹುಡುಗಿಯರ ಸ್ವಂತ ಕಾಸು ಎಲ್ಲವೂ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟಿ ಬ್ರಾಂಚಿಗೆ ಕೊಟ್ಟು ಬಂದದ್ದು. ಬೀಡಿ ಕಾರ್ಮಿಕರ ಮೂತ್ರದಲ್ಲಿ ನಿಕೋಟಿನ್ನಿನ ಶೇಷವಾದ ಕೊಟಿನಿನ್ ಇದೆ, ಜೀವಕೋಶದ ವಂಶವಾಹಿಗೆ ಹಾನಿ ಮಾಡಬಲ್ಲ ಗುಣವೂ ಇದೆ ಎಂದು ಮುಂಬೈ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ರಜನಿ ಭಿಸೆ ಮತ್ತು ಸಂಗಡಿಗರು 1990ರ ಆಸುಪಾಸಿನಲ್ಲೇ ತೋರಿಸಿದ್ದರು. ಸೇದದವರ ಮೂತ್ರದಲ್ಲಿ, ಬರೀ ಕಟ್ಟಿದವರ ಮೂತ್ರದಲ್ಲಿ. ಆಗ ಮೂತ್ರ ಹೇಳಿದ್ದನ್ನು ಕೇಳಿ ನಾವೇನು ಮಾಡಿದೆವು? ಕೈಗವಸು, ಗಾಳಿಯಾಡುವ ಜಾಗ, ಬೇರೆ ಕೆಲಸದ ದಾರಿ ಇವುಗಳಿಗೆ ನ್ಯಾನೋಕಣಗಳ ಅಗತ್ಯವಿರಲಿಲ್ಲ.

ಅಡಿಕೆಯ ಮಾತೂ ಅಷ್ಟೇ ಕಷ್ಟದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅಡಿಕೆಯನ್ನು, ತಂಬಾಕಿಲ್ಲದಿದ್ದರೂ, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ ವರದಿ ಬಂದದ್ದು 2004ರಲ್ಲಿ. 1973ರಲ್ಲಿ ಸ್ಥಾಪನೆಯಾದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಇರುವ ಊರಿನಲ್ಲಿ, ಕವಳ ಹಾಕದೆ ಊಟ ಮುಗಿಯದ ಮನೆಗಳಲ್ಲಿ, ಇದನ್ನು ಗಟ್ಟಿಯಾಗಿ ಹೇಳುವವರು ಕಡಿಮೆ. ಬೆಳೆಗಾರರ ಸಂಘಟನೆಗಳು ಈ ತೀರ್ಮಾನವನ್ನು ಒಪ್ಪಿಲ್ಲ, ಹೊಸ ಸಂಶೋಧನೆ ಬೇಕೆನ್ನುತ್ತವೆ. ಆಗಲಿ, ನಡೆಯಲಿ. ಉತ್ತರ ಯಾವ ಕಡೆ ಬಂದರೂ ಒಪ್ಪುತ್ತೇವೆ ಎಂದು ಮೊದಲೇ ಬರೆದುಕೊಟ್ಟರೆ ಮಾತ್ರ ಅದು ಸಂಶೋಧನೆ. ಅಷ್ಟರವರೆಗೆ, ಬಾಯಿಯ ಕ್ಯಾನ್ಸರನ್ನು ಹುಡುಕಲು ಮೂತ್ರದವರೆಗೆ ಇಳಿಯಬೇಕಾಗಿಲ್ಲ. ಅದು ಬಾಯಿ ತೆರೆದರೆ ಕಾಣುತ್ತದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ನಡೆದ ದೊಡ್ಡ ಅಧ್ಯಯನದಲ್ಲಿ, ವೈದ್ಯರಲ್ಲದ ತರಬೇತಾದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೇ ಒಂದರಷ್ಟು ಇಳಿಯಿತು ಎಂದು 2005ರಲ್ಲಿ ‘ಲ್ಯಾನ್ಸೆಟ್’ ವರದಿ ಮಾಡಿತು. ಒಂದು ಟಾರ್ಚು, ಎರಡು ಕಣ್ಣು. ಇದನ್ನು ಯಾರೂ ಸ್ಟಾರ್ಟಪ್ ಮಾಡಲು ಬರುವುದಿಲ್ಲ. ಇದಕ್ಕಾಗಿ ಮನೆಮನೆಯಲ್ಲಿ ವಿಚಾರಿಸುವ ಕೆಲಸವನ್ನು ನಮ್ಮ ಆಶಾ ಕಾರ್ಯಕರ್ತೆಯರ ಕೈಗೆ ಕೊಟ್ಟಿದ್ದಾರೆ, ಜೊತೆಗೆ ಇನ್ನೂ ಹತ್ತು ಕೆಲಸ, ಹತ್ತು ರಿಜಿಸ್ಟರು ಕೊಟ್ಟಿದ್ದಾರೆ.

ಹಾಗಾದರೆ ಸೆನ್ಸರ್ ಬೇಡವೇ? ಬೇಕು, ಖಂಡಿತ ಬೇಕು. ಆದರೆ ಅದು ಹೋಗಬೇಕಾದ ಮನೆ ಬೇರೆ.

ಮೂತ್ರದಲ್ಲಿ ನೋವಿಲ್ಲದೆ ರಕ್ತ ಕಾಣಿಸಿಕೊಂಡರೆ ನಮ್ಮ ಕಡೆ ‘ಉಷ್ಣ ಆಗಿದೆ’ ಎನ್ನುತ್ತಾರೆ. ಎಳನೀರು, ಜೀರಿಗೆ ನೀರು, ಪುನರ್ಪುಳಿ ಶರಬತ್ತು. ಎರಡು ದಿನಕ್ಕೆ ರಕ್ತ ನಿಲ್ಲುತ್ತದೆ, ಏಕೆಂದರೆ ಮೂತ್ರಕೋಶದ ಕ್ಯಾನ್ಸರಿನಲ್ಲಿ ರಕ್ತ ಬಂದು ಹೋಗಿ ಮಾಡುವುದೇ ವಾಡಿಕೆ. ಹೆಸರು ಮಾತ್ರ ಪುನರ್ಪುಳಿಗೆ ಬರುತ್ತದೆ. ಹೆಂಗಸರಿಗಂತೂ ‘ಯೂರಿನ್ ಇನ್‌ಫೆಕ್ಷನ್’ ಎಂದು ತಿಂಗಳುಗಟ್ಟಲೆ ಮಾತ್ರೆ ಕೊಟ್ಟು ರೋಗ ತಡವಾಗಿ ತಿಳಿಯುವುದು ಜಗತ್ತಿನೆಲ್ಲೆಡೆ ದಾಖಲಾಗಿರುವ ವಿಷಯ. ಹೀಗೆ ಒಮ್ಮೆ ರಕ್ತ ಕಂಡವರಲ್ಲಿ, ಬೀಡಿ ಸೇದುವ ಐವತ್ತು ದಾಟಿದವರಲ್ಲಿ, ರೋಗ ಇರುವ ಸಾಧ್ಯತೆ ಮೊದಲೇ ಹೆಚ್ಚು. ಅವರ ಮೇಲೆ ಅದೇ ಸ್ಟ್ರಿಪ್ ಬಳಸಿದರೆ ‘ಹೌದು’ ಎಂಬುದಕ್ಕೆ ಬೆಲೆ ಬರುತ್ತದೆ. ಸೆನ್ಸರ್ ಬದಲಾಗಿಲ್ಲ, ಕೇಳಿದ ಮನುಷ್ಯ ಬದಲಾಗಿದ್ದಾನೆ.

ಇನ್ನೂ ಹೆಚ್ಚು ಅಗತ್ಯ ಇರುವುದು ಈಗಾಗಲೇ ಚಿಕಿತ್ಸೆ ಆದವರಿಗೆ. ಮೂತ್ರಕೋಶದ ಕ್ಯಾನ್ಸರ್ ಮರುಕಳಿಸುವುದರಲ್ಲಿ ಕುಖ್ಯಾತ. ಅಪಾಯ ಹೆಚ್ಚಿರುವವರು ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಸಿಸ್ಟೋಸ್ಕೋಪಿ ಮಾಡಿಸಿಕೊಳ್ಳಬೇಕು: ಮೂತ್ರನಾಳದ ಮೂಲಕ ಕ್ಯಾಮೆರಾ ತೂರಿಸಿ ಒಳಗೆ ನೋಡುವುದು. ನೋವು, ನಾಚಿಕೆ, ಸೋಂಕಿನ ಭಯ, ಖರ್ಚು. ಸುಳ್ಯದಿಂದಲೋ ಕಾಸರಗೋಡಿನಿಂದಲೋ ಬರುವವರಿಗೆ ಬಸ್ಸಿನ ಜೊತೆ ಒಂದು ದಿನದ ಕೂಲಿ, ಜೊತೆಗೆ ಬಂದವರ ಕೂಲಿ. ಅಮೆರಿಕದಲ್ಲಿ ಎನ್‌ಎಂಪಿ22 ಎಂಬ ಮೂತ್ರ ಪರೀಕ್ಷೆಗೆ 1996ರಲ್ಲೇ ಅನುಮತಿ ಸಿಕ್ಕಿತ್ತು, ಕೆಲವು ವರ್ಷಗಳಲ್ಲಿ ಮೇಜಿನ ಮೇಲೆ ಮಾಡುವ ಪಟ್ಟಿಯೂ ಬಂತು. ಆದರೂ ವೈದ್ಯರು ಕ್ಯಾಮೆರಾ ಬಿಟ್ಟಿಲ್ಲ. ಕಲ್ಲು ಇದ್ದರೂ ಸೋಂಕಿದ್ದರೂ ಆ ಪಟ್ಟಿ ‘ಹೌದು’ ಎನ್ನುತ್ತದೆ, ಚಿಕ್ಕ ಗಡ್ಡೆಗಳನ್ನು ಬಿಟ್ಟುಬಿಡುತ್ತದೆ. ಒಳ್ಳೆಯ ಎಲೆಕ್ಟ್ರೋಕೆಮಿಕಲ್ ಸೆನ್ಸರಿಗೆ ಇಲ್ಲೊಂದು ನಿಜವಾದ ಕೆಲಸ ಕಾದಿದೆ: ಆ ಕ್ಯಾಮೆರಾವನ್ನು ಮೂರು ತಿಂಗಳಿಂದ ಆರು ತಿಂಗಳಿಗೆ ಮುಂದೂಡಬಲ್ಲಷ್ಟು ನಂಬಿಕೆ ಗಳಿಸುವುದು.

ಎಷ್ಟು ನಂಬಿಕೆ ಸಾಕು? ನೆದರ್ಲೆಂಡ್ಸ್‌ನ ವೈದ್ಯರು ಇದನ್ನು ರೋಗಿಗಳನ್ನೇ ಕೇಳಿ 2000ದಲ್ಲಿ ಪ್ರಕಟಿಸಿದರು. ಅಷ್ಟು ಬಾರಿ ಕ್ಯಾಮೆರಾ ಅನುಭವಿಸಿದ ಮೇಲೂ ಹೆಚ್ಚಿನವರು ಹೇಳಿದ್ದು, ಮೂತ್ರ ಪರೀಕ್ಷೆ ನೂರರಲ್ಲಿ 90ಕ್ಕೂ ಮಿಕ್ಕಿ ಹಿಡಿಯುವುದಾದರೆ ಮಾತ್ರ ಬದಲಾಯಿಸುತ್ತೇವೆ ಎಂದು. ಡಚ್ ರೋಗಿಗೆ ಆಸ್ಪತ್ರೆ ಹತ್ತಿರ, ವಿಮೆ ಇದೆ. ಕೂಲಿ ಬಿಟ್ಟು ಸುಳ್ಯದಿಂದ ಬರುವ ಮುದುಕರು 80 ಸಾಕು ಎನ್ನಬಹುದು. ಬರುವುದನ್ನೇ ನಿಲ್ಲಿಸಿಬಿಟ್ಟವರಿಗೆ 70 ಕೂಡ ಇಲ್ಲದ್ದಕ್ಕಿಂತ ಮೇಲು ಅನಿಸಬಹುದು. ಅಥವಾ ‘ಇಷ್ಟೆಲ್ಲ ಮಾಡಿದ ಮೇಲೆ ಕ್ಯಾಮೆರಾವೇ ಇರಲಿ ಮಾರಾಯ್ರೆ’ ಎನ್ನಲೂಬಹುದು. ಗ್ರಾಫೈಟ್ ಅರೆಯಲು ಕೂರುವ ಮೊದಲು ವೆನ್ಲಾಕಿನ ಹೊರರೋಗಿ ವಿಭಾಗಕ್ಕೆ ಹೋಗಿ ಕೇಳಬೇಕಾದ ಸಂಖ್ಯೆ ಅದು. ಅದಕ್ಕೆ ಎಲೆಕ್ಟ್ರೋಡು ಬೇಡ, ತುಳು, ಬ್ಯಾರಿ, ಕೊಂಕಣಿ, ಕನ್ನಡ ಬರುವ ಒಬ್ಬ ವಿದ್ಯಾರ್ಥಿ ಸಾಕು.